ಬೆಕ್ಕು ಜಿಪ್ ತೆಗೆಯೋದು ಕಲಿತಿದೆ, ಈಗ ಯಾವ ಕ್ಯಾರಿಯರ್ ಕೊಳ್ಳಲಿ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಮೈಸೂರು. ಮನೆಯಲ್ಲಿ ಚಿನ್ನಿ ಅಂತ ಮೂರು ವರ್ಷದ ಹೆಣ್ಣು ಬೆಕ್ಕಿದೆ. ತೂಕ 4 ಕೆ.ಜಿ. ಹೋದ ತಿಂಗಳು ಲಸಿಕೆ ಹಾಕಿಸಲು ಆಟೋದಲ್ಲಿ ಕರೆದುಕೊಂಡು ಹೋಗುತ್ತಿದ್ದಾಗ ಬಟ್ಟೆ ಬ್ಯಾಗಿನ ಜಿಪ್ ಹೇಗೋ ಬಿಚ್ಚಿಕೊಂಡು ಸಿಗ್ನಲ್ ಹತ್ತಿರ ಹಾರಿಬಿಟ್ಟಳು. ಎರಡು ದಿನ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಕೊನೆಗೆ ಅದೇ ಸಿಗ್ನಲ್ ಪಕ್ಕದ ಗುಜರಿ ಅಂಗಡಿ ಹಿಂದೆ ಸಿಕ್ಕಳು. ಈಗ ನಮ್ಮ ಯಜಮಾನರಿಗೆ ಮಂಗಳೂರಿಗೆ ವರ್ಗವಾಗಿದೆ. ಇನ್ನು ಆರು ವಾರಕ್ಕೆ ಕಾರಿನಲ್ಲಿ ಹೊರಡಬೇಕು. ಯಾವ ಕ್ಯಾರಿಯರ್ ಒಳ್ಳೆಯದು? ಮಗಳು ಗುಂಡು ಕಿಟಕಿ ಇರುವ, ಬೆನ್ನಿಗೆ ಹಾಕುವ ಬ್ಯಾಗ್ ತರಿಸಿದ್ದಾಳೆ. ಅತ್ತೆಯವರು ಬಿದಿರು ಬುಟ್ಟಿಗೆ ಮುಚ್ಚಳ ಕಟ್ಟಿದರೆ ಸಾಕು ಅನ್ನುತ್ತಾರೆ. ಚಿನ್ನಿಯಂತೂ ಈಗ ಬ್ಯಾಗ್ ಕಂಡರೆ ಅಟ್ಟ ಹತ್ತುತ್ತಾಳೆ.

ಉತ್ತರ: ಚಿನ್ನಿ ಸಿಕ್ಕಳಲ್ಲ, ಮೊದಲು ಅದೇ ಸಮಾಧಾನ.

ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಸಮಯದಿಂದ ಬೆಕ್ಕುಗಳಿಗೆ ಚಿಕಿತ್ಸೆ ಕೊಡುತ್ತಿದ್ದೇನೆ. ನನ್ನ ಕ್ಲಿನಿಕ್ಕಿಗೆ ಅವು ತರಕಾರಿ ಬುಟ್ಟಿಯಲ್ಲಿ ಬಂದಿವೆ, ದಿಂಬಿನ ಕವರಿನಲ್ಲಿ ಬಂದಿವೆ, ಮಿಕ್ಸಿ ಕೊಂಡಾಗ ಬಂದ ರಟ್ಟಿನ ಡಬ್ಬಿಯಲ್ಲಿ ಬಂದಿವೆ. ದಾರಿಯಲ್ಲಿ ತಪ್ಪಿಸಿಕೊಂಡ ಬೆಕ್ಕುಗಳ ಕಥೆ ಕೇಳಿದಾಗೆಲ್ಲ ಒಂದು ವಿಷಯ ಗಮನಿಸಿದ್ದೇನೆ. ಡಬ್ಬಿ ಒಡೆದು ಓಡಿಹೋದ ಬೆಕ್ಕು ತೀರಾ ಕಡಿಮೆ. ಬಿಟ್ಟುಕೊಳ್ಳುವುದು ಜಿಪ್ಪು, ಕ್ಲಿಪ್ಪು, ಚಿಲಕ. ಇಲ್ಲವೇ ನಾವೇ 'ಪಾಪ, ಹೇಗಿದೆಯೋ' ಅಂತ ಒಂದು ಚೂರು ತೆರೆದು ನೋಡಿರುತ್ತೇವೆ. ಆ ಒಂದು ಚೂರು ಬೆಕ್ಕಿಗೆ ಹೆಬ್ಬಾಗಿಲು.

ನನ್ನ ಕೈಯಲ್ಲೇ ಒಮ್ಮೆ ಹೀಗಾಗಿದೆ. ಗಟ್ಟಿ ಪ್ಲಾಸ್ಟಿಕ್ ಕ್ಯಾರಿಯರ್, ನೋಡಲು ಭದ್ರವಾಗಿಯೇ ಇತ್ತು. ಒಡತಿಗೆ ಸಹಾಯ ಮಾಡೋಣ ಅಂತ ಮೇಲಿನ ಹಿಡಿಕೆ ಹಿಡಿದು ಕ್ಲಿನಿಕ್ಕಿನ ಮೆಟ್ಟಿಲು ಇಳಿಯುತ್ತಿದ್ದೆ. ಟಕ್ ಟಕ್ ಅಂತ ಎರಡು ಸದ್ದು. ನೋಡಿದರೆ ಕೈಯಲ್ಲಿ ಮುಚ್ಚಳ, ಮೆಟ್ಟಿಲ ಮೇಲೆ ತಳ, ತಳದಲ್ಲಿ ಕೂತ ಬೆಕ್ಕು. ಅದು ನನ್ನನ್ನು ಒಂದು ಸಲ ನೋಡಿತು, ನಿಂತಿದ್ದ ವ್ಯಾನಿನ ಕೆಳಗೆ ನುಗ್ಗಿತು. ಹೊರಗೆ ತರಲು ಒಂದೂವರೆ ಗಂಟೆ ಬೇಕಾಯಿತು. ಒಡತಿ ಒಂದು ಮಾತೂ ಆಡಲಿಲ್ಲ, ಅದೇ ಹೆಚ್ಚು ಕಷ್ಟವಾಗಿತ್ತು. ಆಮೇಲೆ ನೋಡಿದರೆ ಪಕ್ಕದ ಕ್ಲಿಪ್ಪುಗಳು ಬಿಸಿಲಿಗೆ ಒಣಗಿ ಹಪ್ಪಳದ ಹಾಗೆ ಆಗಿದ್ದವು. ಅವತ್ತಿನಿಂದ ನಾನು ಯಾರ ಕ್ಯಾರಿಯರನ್ನೂ ಬರೀ ಹಿಡಿಕೆಯಲ್ಲಿ ಎತ್ತುವುದಿಲ್ಲ. ಎರಡೂ ಕೈ ತಳಕ್ಕೆ ಕೊಟ್ಟು, ಎದೆಗೆ ಒತ್ತಿ ಹಿಡಿಯುತ್ತೇನೆ. ಡಬ್ಬಿ ತೂಗಾಡದಿದ್ದರೆ ಒಳಗಿರುವುದಕ್ಕೂ ಹಾಯೆನಿಸುತ್ತದೆ.

ಈಗ ನಿಮ್ಮ ಪ್ರಶ್ನೆ. ಚಿನ್ನಿಗೆ ನಾನು ಹೇಳುವುದು ಗಟ್ಟಿ ಪ್ಲಾಸ್ಟಿಕ್ಕಿನ, ಮೇಲರ್ಧ ಕಳಚಿ ತೆಗೆಯಲು ಬರುವ, ಮುಂದೊಂದು ಮತ್ತು ಮೇಲೊಂದು ಬಾಗಿಲಿರುವ ಕ್ಯಾರಿಯರ್. ಉದ್ದ 48ರಿಂದ 50 ಸೆಂ.ಮೀ., ಅಗಲ ಮತ್ತು ಎತ್ತರ 30 ಸೆಂ.ಮೀ. ಸುತ್ತಮುತ್ತ ಇದ್ದರೆ 4 ಕೆ.ಜಿ. ಬೆಕ್ಕಿಗೆ ಸಾಕು. ಒಳಗೆ ಅವಳು ನಿಲ್ಲಬೇಕು, ತಿರುಗಬೇಕು, ಸುತ್ತಿಕೊಂಡು ಮಲಗಬೇಕು. 'ಆರಾಮಾಗಿರಲಿ' ಅಂತ ನಾಯಿಯ ಸೈಜಿನದು ತರಬೇಡಿ. ಬ್ರೇಕ್ ಹಾಕಿದಾಗ ದೊಡ್ಡ ಡಬ್ಬಿಯಲ್ಲಿ ಬೆಕ್ಕು ಗೋಲಿಯ ಹಾಗೆ ಉರುಳುತ್ತದೆ.

ಮೇಲರ್ಧ ತೆಗೆಯಲು ಬರಬೇಕು ಅಂದದ್ದಕ್ಕೆ ಕಾರಣವಿದೆ. ನಮ್ಮ ಟೇಬಲ್ಲಿನ ಮೇಲೆ ಹೆದರಿದ ಬೆಕ್ಕನ್ನು ಸಣ್ಣ ಬಾಗಿಲಿನಿಂದ ಎಳೆಯುವುದು, ಡಬ್ಬಿ ಬಗ್ಗಿಸಿ ಸುರಿಯುವುದು, ಇವೆಲ್ಲ ಜಗಳಕ್ಕೆ ಕರೆದ ಹಾಗೆ. ಮುಚ್ಚಳ ತೆಗೆದರೆ ಅವಳು ತನ್ನದೇ ಟವೆಲ್ ಮೇಲೆ, ತಳದಲ್ಲಿ ಕೂತಿರುತ್ತಾಳೆ. ಅಲ್ಲೇ ಜ್ವರ ನೋಡಬಹುದು, ಸೂಜಿ ಹಾಕಬಹುದು.

ಅಂಗಡಿಗೆ ಹೋದಾಗ ಬಣ್ಣ ಆಮೇಲೆ ನೋಡಿ. ಮೊದಲು ಬಾಗಿಲಿನ ಮುಂದೆ ಕುಕ್ಕರಗಾಲಲ್ಲಿ ಕೂರಿ. ಜಾಲರಿ ಲೋಹದ್ದಾಗಿರಲಿ. ಚಿಲಕ ಒತ್ತಿ ಬಿಟ್ಟಾಗ ಮೇಲಿನ ಕಡ್ಡಿಯೂ ಕೆಳಗಿನ ಕಡ್ಡಿಯೂ ತಮ್ಮ ತೂತಿನೊಳಗೆ ಪೂರ್ತಿ ಇಳಿಯಬೇಕು. ಮೇಲಿನದು ಇಳಿದು ಕೆಳಗಿನದು ಅಂಚಿಗೆ ತಾಗಿ ನಿಂತಿದ್ದರೂ ಬಾಗಿಲು ಹಾಕಿದ ಹಾಗೇ ಕಾಣುತ್ತದೆ. ಇದೇ ಮೋಸ. ಬೆಕ್ಕು ಮೂಲೆಗೆ ಮೂತಿ ಇಟ್ಟು ಎರಡು ಸಲ ನೂಕಿದರೆ ಕೆಲಸ ಮುಗಿಯಿತು. ತೊಳೆದು ಮತ್ತೆ ಜೋಡಿಸಿದಾಗಲೂ ಹೀಗಾಗುತ್ತದೆ. ಆದ್ದರಿಂದ ಪ್ರತಿ ಸಲ ಹೊರಡುವ ಮುಂಚೆ ಬಾಗಿಲಿನ ನಾಲ್ಕು ಮೂಲೆಯನ್ನೂ ಬೆರಳಿಂದ ಜೋರಾಗಿ ಒತ್ತಿ ನೋಡಿ. ಮೇಲರ್ಧ ತಳಕ್ಕೆ ಕೂಡುವ ಕಡೆ ಬೋಲ್ಟ್ ನಟ್ ಇರುವ ಮಾದರಿ ಸಿಕ್ಕರೆ ಅದನ್ನೇ ಕೊಳ್ಳಿ. ಬರೀ ಕ್ಲಿಪ್ ಇದ್ದರೆ, ಪ್ರಯಾಣದ ದಿನ ನಾಲ್ಕು ಕಡೆ ಕೇಬಲ್ ಟೈ ಬಿಗಿದುಬಿಡಿ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಕತ್ತರಿಸಲು ಕತ್ತರಿ ಇಟ್ಟುಕೊಳ್ಳಲು ಮರೆಯಬೇಡಿ. ಬೆಕ್ಕನ್ನು ಕೂರಿಸುವ ಮುಂಚೆ ಅದರ ತೂಕಕ್ಕಿಂತ ಸ್ವಲ್ಪ ಜಾಸ್ತಿ ತೂಕದ ಅಕ್ಕಿ ಚೀಲ ಇಟ್ಟು ಮನೆಯೊಳಗೆ ನಾಲ್ಕು ಸುತ್ತು ಎತ್ತಿ ತಿರುಗಾಡಿ. ಚಿನ್ನಿ 4 ಕೆ.ಜಿ. ಅಂದರೆ 5 ಕೆ.ಜಿ. ಅಕ್ಕಿ ಇಡಿ.

ನಿಮ್ಮ ಬಟ್ಟೆ ಬ್ಯಾಗನ್ನು ಎಸೆಯಬೇಕಿಲ್ಲ. ಜಿಪ್ ತಾನಾಗಿ ಬಿಚ್ಚಿಕೊಂಡಿಲ್ಲ, ಚಿನ್ನಿ ಬಿಚ್ಚಿದ್ದಾಳೆ. ಜಿಪ್ಪಿನ ತುದಿಯಲ್ಲಿ ಅರ್ಧ ಬೆರಳು ಸಂದಿ ಇದ್ದರೆ ಬೆಕ್ಕು ಅಲ್ಲಿ ಪಂಜ ಹಾಕಿ, ಆಮೇಲೆ ಮೂತಿ ತೂರಿಸಿ ತಳ್ಳುತ್ತದೆ. ತಲೆ ತೂರಿದರೆ ಮೈಯೂ ಬಂದ ಹಾಗೇ. ಒಳ್ಳೆಯ ಬ್ಯಾಗುಗಳಲ್ಲಿ ಜಿಪ್ಪಿನ ಕೊನೆಯನ್ನು ಹಿಡಿದಿಡುವ ಪುಟ್ಟ ಕೊಕ್ಕೆ ಇರುತ್ತದೆ. ನಿಮ್ಮದರಲ್ಲಿ ಇಲ್ಲದಿದ್ದರೆ ಕೀ ಬಂಚಿನ ಕೊಕ್ಕೆಯೊಂದನ್ನು ಎರಡು ಜಿಪ್ಪಿನ ತೂತುಗಳಿಗೂ ಸೇರಿಸಿ ಹಾಕಿ. ಬಲೆ ಎಲ್ಲಾದರೂ ದಾರ ಬಿಟ್ಟಿದೆಯಾ ನೋಡಿ. ಹತ್ತಿರದ ಓಡಾಟಕ್ಕೆ, ಸ್ವಭಾವದಲ್ಲಿ ತಣ್ಣಗಿರುವ ಬೆಕ್ಕಿಗೆ ಅದು ನಡೆಯುತ್ತದೆ. ಒಮ್ಮೆ ಬಿಚ್ಚಿ ಗೆದ್ದ ಚಿನ್ನಿಗೆ ಆರು ಗಂಟೆಯ ದಾರಿಗೆ ಬೇಡ. ಕೆಲವು ಬ್ಯಾಗಿನೊಳಗೆ ಒಂದು ಚಿಕ್ಕ ಪಟ್ಟಿ ಇರುತ್ತದೆ. ಅದನ್ನು ಕೊರಳ ಪಟ್ಟಿಗೆ ಸಿಕ್ಕಿಸಲೇಬೇಡಿ, ಕತ್ತು ಬಿಗಿಯುತ್ತದೆ. ಎದೆಗೆ ಹಾಕುವ ಹಾರ್ನೆಸ್ ಇದ್ದರೆ ಅದಕ್ಕೆ ಮಾತ್ರ.

ಮಗಳ ಬ್ಯಾಗಿನ ವಿಷಯ. ಗುಂಡು ಕಿಟಕಿಯಲ್ಲಿ ಬೆಕ್ಕಿನ ಮುಖ ಕಾಣುವುದು ಚಂದವೇ. ಆದರೆ ಆ ಚಂದ ನಮಗೆ. ಹೆದರಿದ ಬೆಕ್ಕಿಗೆ ಬೇಕಾದದ್ದು ಬಚ್ಚಿಟ್ಟುಕೊಳ್ಳಲು ಜಾಗ, ಈ ಬ್ಯಾಗೋ ಅವಳನ್ನು ಪ್ರದರ್ಶನಕ್ಕಿಟ್ಟ ಹಾಗೆ. ಗಾಳಿಗೆ ನಾಲ್ಕಾರು ತೂತು, ಮೇಲೆ ಬಿಸಿಲು ಬೀಳುವ ಪ್ಲಾಸ್ಟಿಕ್, ಬೆನ್ನಿನ ಕಡೆ ನಮ್ಮ ಮೈಯ ಕಾವು. ತಳ ಚಿಕ್ಕದು, ಮೈ ಚಾಚಿ ಮಲಗಲು ಆಗುವುದಿಲ್ಲ. ಮಂಗಳೂರಿನ ಸೆಕೆಯಲ್ಲಂತೂ ನೆನೆಸಿಕೊಂಡರೇ ಬೆವರುತ್ತದೆ. ಅತ್ತೆಯವರ ಬಿದಿರು ಬುಟ್ಟಿಗೆ ನಾನು ಇನ್ನೂ ಸ್ವಲ್ಪ ಜಾಸ್ತಿ ಅಂಕ ಕೊಡುತ್ತೇನೆ. ಗಾಳಿ ಆಡುತ್ತದೆ, ಒಳಗೆ ಕತ್ತಲಿದೆ. ತೊಂದರೆ ಮುಚ್ಚಳದ್ದೇ. ದಾರ ಕಟ್ಟಿದ ಮುಚ್ಚಳವನ್ನು ಬೆಕ್ಕು ತಲೆಯಿಂದ ಎತ್ತುತ್ತದೆ. ಉಚ್ಚೆ ಮಾಡಿದರೆ ಬಿದಿರು ಕುಡಿದುಬಿಡುತ್ತದೆ, ತೊಳೆದರೂ ವಾಸನೆ ಹೋಗುವುದಿಲ್ಲ. (ಕ್ಯಾರಿಯರ್ ಅಂದರೆ ನಮ್ಮಮ್ಮನಿಗೆ ಇವತ್ತಿಗೂ ಊಟದ್ದೇ ನೆನಪು. 'ಬೆಕ್ಕಿಗೇನೋ ಕ್ಯಾರಿಯರ್ ಊಟ' ಅಂತ ಒಮ್ಮೆ ಕೇಳಿದ್ದರು.)

ಇನ್ನು ದೊಡ್ಡ ವಿಷಯ, ಚಿನ್ನಿ ಅಟ್ಟ ಹತ್ತುವುದು. ಅವಳ ಲೆಕ್ಕ ಸರಿಯಾಗಿಯೇ ಇದೆ. ಕ್ಯಾರಿಯರ್ ವರ್ಷಕ್ಕೆ ಎರಡು ಸಲ ಅಟ್ಟದಿಂದ ಇಳಿಯುತ್ತದೆ, ಇಳಿದ ದಿನವೆಲ್ಲ ಸೂಜಿ. ನೀವಾಗಿದ್ದರೆ ಓಡುತ್ತಿರಲಿಲ್ಲವಾ? ಆರು ವಾರ ಇದೆ ಅಂದಿರಲ್ಲ, ಅದು ನಿಮ್ಮ ಅದೃಷ್ಟ. ವಿಯೆನ್ನಾದ ಪಶುವೈದ್ಯ ವಿಶ್ವವಿದ್ಯಾಲಯದವರು 22 ಬೆಕ್ಕುಗಳನ್ನು ಇಟ್ಟುಕೊಂಡು ಇದನ್ನೇ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ಅರ್ಧಕ್ಕೆ ಆರು ವಾರಗಳಲ್ಲಿ 28 ಪಾಠ, ಉಳಿದರ್ಧಕ್ಕೆ ಏನೂ ಇಲ್ಲ. ಆಮೇಲೆ ಕಾರಿನಲ್ಲಿ ಕರೆದುಕೊಂಡು ಹೋದಾಗ ಪಾಠವಾದ ಬೆಕ್ಕುಗಳು ಕಡಿಮೆ ಹೆದರಿದವು, ವೈದ್ಯರ ಪರೀಕ್ಷೆಯೂ ಬೇಗ ಮುಗಿಯಿತು.

ನಮ್ಮನೆ ಬೆಕ್ಕಿಗೆ ನಾನು ಮಾಡಿದ್ದು ಹೀಗೆ. ಮೊದಲ ವಾರ ಮುಚ್ಚಳ, ಬಾಗಿಲು ಎರಡೂ ಇಲ್ಲ. ಬರೀ ತಳ, ಅದು ಮಲಗುವ ಹಳೇ ಟವೆಲ್ ಹಾಸಿ ಹಾಲ್‌ನ ಮೂಲೆಯಲ್ಲಿ. ನಾವು ಯಾರೂ ಆ ಕಡೆ ನೋಡಲೂ ಇಲ್ಲ. ಮೂರನೇ ದಿನ ಮುಂಗಾಲು ಎರಡು ಒಳಗೆ, ಹಿಂಗಾಲು ಎರಡು ಹೊರಗೆ ಇಟ್ಟುಕೊಂಡು ಮೀನು ತಿಂದು ಹೋಯಿತು. ಐದನೇ ದಿನ ಒಳಗೇ ಕೂತು ಮೈ ನೆಕ್ಕಿಕೊಂಡಿತು. ಆಮೇಲೆ ಮುಚ್ಚಳ ಕೂಡಿಸಿದೆ. ಆಮೇಲೆ ಬಾಗಿಲು, ಆದರೆ ಸದ್ದಾಗದಂತೆ ತೆರೆದು ಕಟ್ಟಿಟ್ಟೆ. ಊಟದ ತಟ್ಟೆ ದಿನಾ ಎರಡು ಬೆರಳಷ್ಟು ಒಳಗೆ ಸರಿಯಿತು. ತಿನ್ನುವಾಗ ಬಾಗಿಲು ಮುಚ್ಚಿ ಐದು ಎಣಿಸಿ ತೆರೆಯುವುದು, ಮಾರನೇ ದಿನ ಹತ್ತು. ಆಮೇಲೆ ಎತ್ತಿ ಅಡುಗೆಮನೆವರೆಗೆ, ಗೇಟಿನವರೆಗೆ. ನಿಂತ ಕಾರಿನಲ್ಲಿ ಐದು ನಿಮಿಷ. ಇಂಜಿನ್ ಚಾಲೂ ಮಾಡಿ ಐದು ನಿಮಿಷ. ಬೀದಿ ಸುತ್ತು. ಎಲ್ಲಾದರೂ ಕಿವಿ ಹಿಂದಕ್ಕೆ ಮಡಚಿದರೆ ಎರಡು ಮೆಟ್ಟಿಲು ಹಿಂದಕ್ಕೆ. ಚಿನ್ನಿಗೆ ಹಳೇ ಬ್ಯಾಗಿನ ನೆನಪು ಕೆಟ್ಟದಾಗಿರುವುದರಿಂದ ಹೊಸದು ನೋಡಲು ಬೇರೆ ಥರ ಇದ್ದರೆ ಒಳ್ಳೆಯದು. ಮಂಗಳೂರಿಗೆ ಹೋಗುವವಳು, ಈಗಿಂದಲೇ ಬೂತಾಯಿ ಮೀನು ರೂಢಿ ಮಾಡಿಸಿ. ಬೇಯಿಸಿ, ಮುಳ್ಳು ತೆಗೆದು, ಉಪ್ಪು ಖಾರ ಇಲ್ಲದೆ.

ಕ್ಯಾರಿಯರ್ ತೊಳೆಯಲು ಫಿನೈಲ್ ಬೇಡ, ಡೆಟಾಲ್ ಬೇಡ. ಇವುಗಳಲ್ಲಿರುವ ಫಿನಾಲ್ ಜಾತಿಯ ರಾಸಾಯನಿಕಗಳನ್ನು ಬೆಕ್ಕಿನ ಪಿತ್ತಜನಕಾಂಗ ನಮ್ಮದರಂತೆ ಅರಗಿಸುವುದಿಲ್ಲ. ಪಂಜಕ್ಕೆ ಅಂಟಿದ್ದನ್ನು ಅದು ನೆಕ್ಕಿಯೇ ನೆಕ್ಕುತ್ತದೆ. ಪಾತ್ರೆ ತೊಳೆಯುವ ಸೋಪಿನ ನೀರು, ಆಮೇಲೆ ಬಿಸಿಲು, ಇಷ್ಟೇ ಸಾಕು. ಅಟ್ಟದಲ್ಲಿ ನುಸಿಗುಳಿಗೆ ಜೊತೆ ಇಟ್ಟಿದ್ದ ಟವೆಲ್ಲನ್ನೂ ಹಾಸಬೇಡಿ, ಅದೂ ವಿಷ.

ಔಷಧಿ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇಷ್ಟೆಲ್ಲ ಮಾಡಿದರೂ ಚಿನ್ನಿ ತೀರಾ ಹೆದರುತ್ತಿದ್ದರೆ, ಹೊರಡುವ ಎರಡು ಗಂಟೆ ಮೊದಲು ಕೊಡುವ ಗ್ಯಾಬಪೆಂಟಿನ್ ಇದೆ. ಸಂಪಾಜೆ ಘಾಟಿಯಲ್ಲಿ ವಾಂತಿ ಆಗದಂತೆ ತಡೆಯುವ ಔಷಧಿಯೂ ಇದೆ. ಎರಡನ್ನೂ ನಿಮ್ಮ ವೈದ್ಯರು ತೂಕ ನೋಡಿ, ಮೂತ್ರಪಿಂಡ ಸರಿ ಇದೆಯಾ ನೋಡಿ ಬರೆದುಕೊಡಬೇಕು. ಹೊರಡುವ ವಾರ ಮುಂಚೆ ಮನೆಯಲ್ಲೇ ಒಮ್ಮೆ ಕೊಟ್ಟು ನೋಡಿ, ಕೆಲವಕ್ಕೆ ಕಾಲು ಜಾಸ್ತಿ ತೂರಾಡುತ್ತದೆ. ಮನೆಯ ಔಷಧಿ ಡಬ್ಬಿಯಿಂದ ಏನೂ ಬೇಡ. ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಹುದು. ಲಸಿಕೆ ಹಾಕಿಸಲು ಹೊರಟಿದ್ದು ಅಂದಿರಿ. ಅದು ರೇಬೀಸ್‌ನದಾಗಿದ್ದು ಅವತ್ತು ತಪ್ಪಿಹೋಗಿದ್ದರೆ ಈ ವಾರವೇ ಹಾಕಿಸಿ, ಕಾರ್ಡನ್ನು ಕಾರಿನಲ್ಲಿ ಇಟ್ಟುಕೊಳ್ಳಿ. ಹೆದರಿದ ಬೆಕ್ಕು ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಸಾಕಿದ ಬೆಕ್ಕಲ್ವಾ ಅಂತ ಸುಮ್ನೆ ಇರಬೇಡಿ.

ಮನೆ ಖಾಲಿ ಮಾಡುವ ದಿನವೇ ಬೆಕ್ಕುಗಳು ಜಾಸ್ತಿ ತಪ್ಪಿಸಿಕೊಳ್ಳುವುದು. ಬಾಗಿಲೆಲ್ಲ ತೆರೆದಿರುತ್ತದೆ, ಸಾಮಾನು ಹೊರುವವರು ಓಡಾಡುತ್ತಿರುತ್ತಾರೆ. ಲಾರಿ ಬರುವ ಮೊದಲೇ ಚಿನ್ನಿಯನ್ನು ಕ್ಯಾರಿಯರ್, ನೀರು, ಮರಳಿನ ತಟ್ಟೆ ಸಮೇತ ಬಚ್ಚಲಮನೆಯಲ್ಲಿ ಬಿಟ್ಟು ಬಾಗಿಲು ಹಾಕಿ. ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ 'ಬೆಕ್ಕಿದೆ, ತೆಗೆಯಬೇಡಿ' ಅಂತ ಚೀಟಿ ಅಂಟಿಸಿ. ಊಟ ಹೊರಡುವ ನಾಲ್ಕು ಗಂಟೆ ಮುಂಚೆ ಮುಗಿದಿರಲಿ, ನೀರು ಯಾವಾಗ ಬೇಕಾದರೂ ಕುಡಿಯಲಿ. ಅವಳು ಅವತ್ತು ಒಳಗೆ ಹೋಗಲು ಒಪ್ಪದಿದ್ದರೆ ಅಟ್ಟಾಡಿಸಬೇಡಿ. ಕ್ಯಾರಿಯರನ್ನು ಬಾಗಿಲು ಮೇಲೆ ಬರುವಂತೆ ಗೋಡೆಗೆ ಒರಗಿಸಿ ನಿಲ್ಲಿಸಿ. ಚಿನ್ನಿಯನ್ನು ಟವೆಲ್ಲಿನಲ್ಲಿ ಮಗುವಿನ ಹಾಗೆ ಸುತ್ತಿ, ಹಿಂಗಾಲು ಮೊದಲು ಇಳಿಯುವಂತೆ ಟವೆಲ್ ಸಮೇತ ಒಳಗೆ ಬಿಡಿ. ಮುಖ ಮೊದಲು ತಳ್ಳಿದರೆ ನಾಲ್ಕು ಕಾಲೂ ಛತ್ರಿಯ ಹಾಗೆ ಬಿಚ್ಚಿಕೊಂಡು ಅಂಚು ಹಿಡಿಯುತ್ತವೆ. ಕತ್ತಿನ ಚರ್ಮ ಹಿಡಿದು ನೇತಾಡಿಸಬೇಡಿ. ತಾಯಿಬೆಕ್ಕು ಹಾಗೆ ಒಯ್ಯುವುದು ಮರಿಯನ್ನು, 4 ಕೆ.ಜಿ. ಹೆಂಗಸನ್ನಲ್ಲ.

ಕಾರಿನಲ್ಲಿ ಜಾಗ ಮುಂದಿನ ಸೀಟಿನ ಹಿಂದೆ, ಕಾಲಿಡುವ ನೆಲ. ಅಲ್ಲಿ ಸರಿಯಾಗಿ ಕೂರುವ ಅಗಲದ್ದನ್ನೇ ಕೊಳ್ಳಿ, ಅಂಗಡಿಗೆ ಅಳತೆಪಟ್ಟಿ ಒಯ್ಯಿರಿ. ಮುಂದಿನ ಸೀಟನ್ನು ಹಿಂದಕ್ಕೆ ಸರಿಸಿ ಅಲುಗಾಡದಂತೆ ಮಾಡಿ. ಸೀಟಿನ ಮೇಲಿಟ್ಟು ಬೆಲ್ಟ್ ಸುತ್ತುವುದು ಭದ್ರ ಅನ್ನಿಸುತ್ತದೆ. ಆದರೆ ಅಪಘಾತದ ಪರೀಕ್ಷೆ ಮಾಡಿ ನೋಡದ ಡಬ್ಬಿಯನ್ನು ಅದೇ ಬೆಲ್ಟ್ ಹಿಂಡಿ ಪುಡಿ ಮಾಡಬಹುದು ಅಂತ ಅಮೆರಿಕದ ಸೆಂಟರ್ ಫಾರ್ ಪೆಟ್ ಸೇಫ್ಟಿಯವರು ಎಚ್ಚರಿಸುತ್ತಾರೆ. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಪರೀಕ್ಷೆಯಾಗದವೇ. ಮಡಿಲಲ್ಲಿ, ಡ್ಯಾಶ್‌ಬೋರ್ಡ್ ಮೇಲೆ, ಸಾಮಾನಿನ ಡಿಕ್ಕಿಯಲ್ಲಿ ಬೇಡ. ಮೇಲೆ ತೆಳು ಹತ್ತಿ ಬಟ್ಟೆ ಹೊದಿಸಿ, ಗಾಳಿಗೆ ಒಂದು ಪಕ್ಕ ಬಿಡಿ. ಆಟೋದಲ್ಲಾದರೆ ಇಬ್ಬರ ನಡುವೆ ಇಟ್ಟುಕೊಳ್ಳಿ, ಒಬ್ಬರೇ ಇದ್ದರೆ ಪಟ್ಟಿಯನ್ನು ತೋಳಿಗೆ ಸುತ್ತಿ ತಬ್ಬಿ ಕೂರಿ. ಸ್ಕೂಟರ್ ಬೇಡವೇ ಬೇಡ. ಒಬ್ಬ ಆಟೋದವರು ನಮ್ಮಲ್ಲಿಗೆ ಬಂದ ಒಡತಿಗೆ ಅಂದಿದ್ದರಂತೆ, 'ಬೆಕ್ಕು ಅಡ್ಡ ಬಂದ್ರೆ ಗಾಡಿ ನಿಲ್ಲಿಸ್ತೀನಿ ಮೇಡಂ, ಒಳಗೇ ಕೂತ್ರೆ ಏನ್ಮಾಡ್ಲಿ?'

ಕಾರಿಲ್ಲದೆ ಸರ್ಕಾರಿ ಬಸ್ಸಿನಲ್ಲಿ ಹೋಗುವ ಓದುಗರಿಗೂ ಒಂದು ಮಾತು. ಕೆಎಸ್‌ಆರ್‌ಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಬೆಕ್ಕಿಗೆ ಅರ್ಧ ಟಿಕೆಟ್ ಇದೆ. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ಹತ್ತಿಸುವುದಿಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರಿಂದ ಮೈಸೂರಿಗೆ ಹೊರಟ ಅಜ್ಜಿ ಮೊಮ್ಮಗಳಿಗೆ ಶಕ್ತಿ ಯೋಜನೆಯಲ್ಲಿ ಪ್ರಯಾಣ ಉಚಿತವಾಗಿ, ಅವರ ನಾಲ್ಕು ಲವ್ ಬರ್ಡ್ಸ್‌ಗೆ 444 ರೂಪಾಯಿ ಟಿಕೆಟ್ ಆದ ಸುದ್ದಿ ನೆನಪಿರಬಹುದು. ನಗಬೇಡಿ, ಟಿಕೆಟ್ ಕೇಳಿ ತೆಗೆದುಕೊಳ್ಳಿ.

ನಿಮ್ಮ ದಾರಿ ಹುಣಸೂರು, ಕುಶಾಲನಗರ, ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರು. ಸುಮಾರು 250 ಕಿ.ಮೀ. ಮೊದಲ ಅರ್ಧ ಗಂಟೆ ಚಿನ್ನಿ ಜೋರಾಗಿ ಕೂಗುತ್ತಾಳೆ. ಕೂಗಲಿ. ಸಮಾಧಾನ ಮಾಡಲು ಬಾಗಿಲು ತೆರೆಯಬೇಡಿ, ಬೆರಳು ತೂರಿಸಬೇಡಿ. ಹುಣಸೂರು ದಾಟುವಷ್ಟರಲ್ಲಿ ಸಾಮಾನ್ಯವಾಗಿ ಸುಮ್ಮನಾಗುತ್ತವೆ. ಕಾಫಿಗೆ ನಿಲ್ಲಿಸಿದಾಗ ಒಬ್ಬರು ಕಾರಿನಲ್ಲೇ ಇರಬೇಕು. ಹೊರಗೆ 24 ಡಿಗ್ರಿ ಇದ್ದರೂ ಮುಚ್ಚಿದ ಕಾರಿನೊಳಗೆ ಹತ್ತು ನಿಮಿಷದಲ್ಲಿ 34ರ ಹತ್ತಿರ ಹೋಗುತ್ತದೆ. ಬೆಕ್ಕು ನಾಯಿಯ ಹಾಗೆ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಅದು ಸುಸ್ತಲ್ಲ, ಅಪಾಯ. ತಕ್ಷಣ ತಂಪು ಮಾಡಿ, ಹತ್ತಿರದ ವೈದ್ಯರನ್ನು ಹುಡುಕಿ. ಘಾಟಿ ಇಳಿಯುವಾಗ ಜೊಲ್ಲು ಸುರಿಸಬಹುದು, ವಾಂತಿ ಮಾಡಬಹುದು. ಹಾಸನ್ನು ಬದಲಾಯಿಸಲೇಬೇಕಾದರೆ ಕಾರು ನಿಲ್ಲಿಸಿ, ನಾಲ್ಕೂ ಗ್ಲಾಸ್ ಏರಿಸಿ, ಬಾಗಿಲು ಲಾಕ್ ಮಾಡಿ, ಆಮೇಲೆ ಕ್ಯಾರಿಯರಿನ ಬಾಗಿಲು. ಈ ಅನುಕ್ರಮ ಮನೆಯವರಿಗೆಲ್ಲ ಬಾಯಿಪಾಠ ಇರಲಿ, ಮುಖ್ಯವಾಗಿ ಮಗಳಿಗೆ.

ಇಷ್ಟಾಗಿಯೂ ಎಲ್ಲಾದರೂ ಜಾರಿದರೆ ದೂರ ಓಡಬೇಡಿ. ಕಾಣೆಯಾದ ಬೆಕ್ಕುಗಳ ಬಗ್ಗೆ 2018ರಲ್ಲೇ ಬಂದ ಇನ್ನೊಂದು ಅಧ್ಯಯನದಲ್ಲಿ, ಸಿಕ್ಕ ಬೆಕ್ಕುಗಳಲ್ಲಿ ಮುಕ್ಕಾಲು ಪಾಲು ತಪ್ಪಿಸಿಕೊಂಡ ಜಾಗದ 500 ಮೀಟರ್ ಒಳಗೇ ಸಿಕ್ಕಿದ್ದವು. ನಿಮ್ಮ ಗುಜರಿ ಅಂಗಡಿಯೂ ಅದನ್ನೇ ಹೇಳುತ್ತದೆ. ರಾತ್ರಿ ಸದ್ದಡಗಿದ ಮೇಲೆ ಟಾರ್ಚ್ ಹಿಡಿದು ವಾಹನಗಳ ಕೆಳಗೆ, ಮೋರಿಯ ಸಂದಿಯಲ್ಲಿ ಕಣ್ಣಿನ ಹೊಳಪು ಹುಡುಕಿ. ಅವಳ ಟವೆಲ್ ಇರುವ ಕ್ಯಾರಿಯರನ್ನು ಅಲ್ಲೇ ಬಾಗಿಲು ತೆರೆದು ಇಡಿ. ಆರು ವಾರದ ಪಾಠ ಆಗ ಕೈ ಹಿಡಿಯುತ್ತದೆ. ಕ್ಯಾರಿಯರಿನ ಎರಡೂ ಪಕ್ಕ ಅಳಿಸದ ಇಂಕಿನಲ್ಲಿ ನಿಮ್ಮ ಫೋನ್ ನಂಬರ್ ಬರೆದಿರಲಿ. ಹೊರಡುವ ಮುಂಚೆ ಮೈಕ್ರೋಚಿಪ್ ಹಾಕಿಸಿದರೆ ಇನ್ನೂ ಒಳ್ಳೆಯದು. ಚರ್ಮದಡಿ ಕೂರುವ ಅಕ್ಕಿಕಾಳಿನಷ್ಟು ದಪ್ಪದ್ದು, 15 ಅಂಕಿಯ ಗುರುತು, ಸೂಜಿಯಲ್ಲೇ ಮುಗಿಯುತ್ತದೆ.

ಮಂಗಳೂರಿನ ಮನೆಯಲ್ಲಿ ಮೊದಲು ಒಂದೇ ಕೋಣೆ, ಕಿಟಕಿ ಮುಚ್ಚಿ. ಕ್ಯಾರಿಯರನ್ನು ಮೂಲೆಯಲ್ಲಿಟ್ಟು ಬಾಗಿಲು ತೆರೆದು, ನೀವು ಸಾಮಾನು ಇಳಿಸಲು ಹೋಗಿ. ಅವಳನ್ನು ಎಳೆಯಬೇಡಿ. ಒಂದೊಂದು ಬೆಕ್ಕು ಅರ್ಧ ದಿನ ಒಳಗೇ ಕೂರುತ್ತದೆ. ಹೊರಗೆ ಓಡಾಡುವ ಅಭ್ಯಾಸ ಇದ್ದರೂ ಮೂರ್ನಾಲ್ಕು ವಾರ ಮನೆಯೊಳಗೇ ಇರಲಿ. ಮತ್ತೆ, ಹೊಸ ಮನೆಯಲ್ಲಿ ಅಟ್ಟ ಎಷ್ಟೇ ದೊಡ್ಡದಿದ್ದರೂ ಕ್ಯಾರಿಯರನ್ನು ಅಲ್ಲಿಗೆ ಹತ್ತಿಸಬೇಡಿ. ಟವೆಲ್ ಹಾಸಿ ಸೋಫಾ ಪಕ್ಕದಲ್ಲೇ ಬಿಡಿ. ಮಗಳು ತರಿಸಿದ ಬ್ಯಾಗಿನ ಬಿಲ್ ಇನ್ನೂ ಇದ್ದರೆ ಈ ವಾರವೇ ವಾಪಸ್ ಕೊಟ್ಟುಬಿಡಿ.